ಉಪ್ಪು ತಿಂದ ಕಣ್ಣು

ಗಂಡಸಿನ ಕಣ್ಣು ಊದಿದರೆ ಕುಡಿದಿದ್ದಾನೆ, ಹೆಂಗಸಿನ ಕಣ್ಣು ಊದಿದರೆ ಅತ್ತಿದ್ದಾಳೆ. ಧಾರವಾಡದ ನಮ್ಮ ಓಣಿಯಲ್ಲಿ ಇದಕ್ಕೆ ಮೂರನೆಯ ಕಾರಣ ಇಲ್ಲ. ಗಂಡ ಹೆಂಡತಿ ಇಬ್ಬರ ಕಣ್ಣೂ ಒಂದೇ ದಿನ ಊದಿದರೆ? ಆಗ ಎರಡನ್ನೂ ಕೂಡಿಸಿ ಒಂದು ಕತೆ ಕಟ್ಟುತ್ತಾರೆ. ಅಂಥ ಕತೆಯೊಂದರಲ್ಲಿ ನಾನು ಸುಮಾರು ಒಂದು ತಿಂಗಳು ವಿಲನ್ ಆಗಿದ್ದೆ.

ನಡೆದದ್ದು ಇಷ್ಟು. ಅವತ್ತು ರವಿವಾರ, ಹೊರಗೆ ಜಿಟಿಜಿಟಿ ಮಳೆ. ಮಳೆ ಹಿಡಿದರೆ ನಮ್ಮ ಮನೆಯಲ್ಲಿ ಗಿರಮಿಟ್ ಆಗಲೇಬೇಕು. ಗಿರಮಿಟ್ ಆದರೆ ಮಿರ್ಚಿ ಬಿಡೋಕಾಗುತ್ತಾ? ಸಂಜೆ ಅದನ್ನೆಲ್ಲ ಹೊಡೆದು, ಹಸಿವಿಲ್ಲ ಹಸಿವಿಲ್ಲ ಅನ್ನುತ್ತಲೇ ರಾತ್ರಿ ಹತ್ತೂವರೆಗೆ ತಾಟಿನ ಮುಂದೆ ಕೂತೆವು. ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಅವ್ವ ಹಾಕಿದ ಮಾವಿನಕಾಯಿ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಹಪ್ಪಳ. ಹಪ್ಪಳ ಎಷ್ಟು ಅಂತ ಕೇಳಬೇಡಿ. ಆಮೇಲೆ ಒಂದು ಗಂಟೆಯವರೆಗೆ ಟಿವಿಯಲ್ಲಿ ಸಿನಿಮಾ. ನಡುನಡುವೆ ಬಾಯಾರಿಕೆ ಅಂತ ತಂಬಿಗೆಗಟ್ಟಲೆ ನೀರು.

ಬೆಳಿಗ್ಗೆ ದಾಡಿ ಮಾಡಿಕೊಳ್ಳಲು ಕನ್ನಡಿ ಮುಂದೆ ನಿಂತೆ. ಎಣ್ಣೆಗೆ ಬಿಟ್ಟ ಪೂರಿ ಉಬ್ಬುತ್ತದಲ್ಲ, ಕೆಳರೆಪ್ಪೆಗಳು ಹಾಗೆ ಉಬ್ಬಿದ್ದವು. ಬೆರಳಿಂದ ಒತ್ತಿದೆ. ಮೆತ್ತಗೆ ಒಳಗೆ ಹೋಗಿ ಮತ್ತೆ ಮೇಲೆ ಬಂತು. ಹಿಂದಿನಿಂದ ಹೆಂಡತಿ ಇಣುಕಿದಳು. ಅವಳದೂ ಅದೇ ಕತೆ. ಒಬ್ಬರನ್ನೊಬ್ಬರು ನೋಡಿ ನಕ್ಕೆವು. ನಕ್ಕಾಗ ಇದ್ದ ಚೂರು ಕಣ್ಣೂ ಮುಚ್ಚಿಹೋಯಿತು.

ನನ್ನ ಕೆಲಸ ಹುಬ್ಬಳ್ಳಿಯಲ್ಲಿ. ದಿನಾ ಚಿಗರಿ ಬಸ್ಸಿನಲ್ಲಿ ಇಪ್ಪತ್ತು ಕಿಲೋಮೀಟರ್ ಹೋಗಿ ಬರುವವನು. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಸಹೋದ್ಯೋಗಿ ನನ್ನ ಮುಖ ನೋಡಿದ್ದೇ ದನಿ ಇಳಿಸಿದ.

‘ಯಾಕ್ರಿ ಸರ, ರಾತ್ರಿ ಭಾಳ ಆತೇನು?’

‘ಹೌದೋ ಮಾರಾಯಾ, ಹಪ್ಪಳ ಭಾಳ ಆತು.’

‘ಹಪ್ಪಳದ ಜೋಡಿ ಏನ್ ತೊಗೊಂಡ್ರಿ, ಅದನ್ನ ಹೇಳ್ರಿ.’

ಅತ್ತ ಮನೆಯಲ್ಲಿ, ಹೆಪ್ಪಿಗೆ ಮಜ್ಜಿಗೆ ಬೇಕು ಅಂತ ಎದುರುಮನೆ ಕಾಕು ಬಂದಿದ್ದರು. ಅವರ ಮನೆಯಲ್ಲಿ ಎರಡು ಎಮ್ಮೆ ಇವೆ ಅನ್ನುವುದನ್ನು ಇಲ್ಲಿ ಹೇಳಬೇಕು.

‘ಏನವಾ, ಅತ್ತೀಯೇನು?’

‘ಇಲ್ರಿ ಕಾಕು, ರಾತ್ರಿ ನಿದ್ದಿ ಆಗಿಲ್ಲ.’

‘ಯಾಕ ಆಗಲಿಲ್ಲ?’

‘ಇವರು ಒಂದು ಗಂಟೆತನಕಾ...’

‘ಸಾಕು ಬಿಡವಾ. ಗೊತ್ತಾತು.’

ಮಜ್ಜಿಗೆ ಒಯ್ಯುವುದನ್ನು ಮರೆತೇ ಹೋದರಂತೆ.

ಸಂಜೆ ಹೊತ್ತಿಗೆ ಇಬ್ಬರ ಕಣ್ಣೂ ಇಳಿದಿದ್ದವು. ಆದರೆ ರಾತ್ರಿ ಉಳಿದ ಎಣಗಾಯಿ ಕೆಡಿಸಬಾರದಲ್ವಾ? ಎಣಗಾಯಿ ಇದ್ದ ಮೇಲೆ ಉಪ್ಪಿನಕಾಯಿಯೂ ಬಂತು. ಮಂಗಳವಾರ ಬೆಳಿಗ್ಗೆ ಮತ್ತೆ ಅದೇ ಪೂರಿ.

ಕಣ್ಣಿನ ಮೇಲೆ ಸವತಿಕಾಯಿ ಬಿಲ್ಲೆ ಇಟ್ಟುಕೊಂಡರೆ ಬಾವು ಇಳಿಯುತ್ತದೆ ಅಂತ ಮೊಬೈಲಿನಲ್ಲಿ ನೋಡಿದ್ದೆ. ಫ್ರಿಜ್ ತೆಗೆದರೆ ಒಂದು ಡಬ್ಬಿಯಲ್ಲಿ ಸವತಿಕಾಯಿ ಹೆಚ್ಚಿಟ್ಟಿದ್ದು ಕಂಡಿತು. ದೇವರೇ ಕೊಟ್ಟ ಹಾಗೆ. ಚಾಳೀಸು ಹಾಕಿಕೊಂಡಿರಲಿಲ್ಲ, ಲೈಟೂ ಹಚ್ಚಿರಲಿಲ್ಲ. ಎರಡು ಬಿಲ್ಲೆ ಎತ್ತಿಕೊಂಡು ಹಾಸಿಗೆ ಮೇಲೆ ಅಂಗಾತ ಮಲಗಿ ಕಣ್ಣಿಗೆ ಮುಚ್ಚಿಕೊಂಡೆ. ಮೊದಲ ಎರಡು ಸೆಕೆಂಡು ಸ್ವರ್ಗ. ಮೂರನೆಯದಕ್ಕೆ ನಾನು ಹಾಸಿಗೆ ಬಿಟ್ಟು ನಾಲ್ಕು ಅಡಿ ಆಚೆ ಇದ್ದೆ. ಅದು ಮಗನ ಡಬ್ಬಿ. ಅವನಿಗೆ ಉಪ್ಪು ಖಾರಪುಡಿ ಹಚ್ಚಿದ ಸವತಿಕಾಯಿಯೇ ಬೇಕು.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುತ್ತಾರೆ. ಹಾವೇರಿ ಜಿಲ್ಲೆಯ ಹೆಮ್ಮೆ ಅದು, ನಾನು ಅಲ್ಲಗಳೆಯುವುದಿಲ್ಲ. ಬಣ್ಣದ ಮಾತಂತೂ ಖರೆ. ಆ ದಿನವೆಲ್ಲ ನನ್ನ ಕಣ್ಣು ಸಾಕ್ಷಿ ಹೇಳುತ್ತಿತ್ತು. ಇಷ್ಟು ದಿನ ಬರೀ ಊದಿದ್ದವು ಈಗ ಕೆಂಪಗೂ ಆದವು. ಬಸ್ಸಿನಲ್ಲಿ ಸಹೋದ್ಯೋಗಿ ಏನೂ ಕೇಳಲಿಲ್ಲ. ಸುಮ್ನೆ ನನ್ನ ಕೈಮೇಲೆ ಕೈಯಿಟ್ಟ. ಅದು ಇನ್ನೂ ಕೆಟ್ಟದ್ದು.

ಮರುದಿನ ಚಹಾದ ಪ್ರಯೋಗ. ಟೀ ಬ್ಯಾಗ್ ತಣ್ಣಗೆ ಮಾಡಿ ಇಡಬೇಕಂತೆ. ಚಹಾದಲ್ಲಿರುವ ಕೆಫೀನ್ ರಕ್ತನಾಳಗಳನ್ನು ಸ್ವಲ್ಪ ಕುಗ್ಗಿಸುತ್ತದೆ, ತಂಪೂ ಅದನ್ನೇ ಮಾಡುತ್ತದೆ. ನಮ್ಮ ಮನೆಯಲ್ಲಿ ಟೀ ಬ್ಯಾಗ್ ಎಲ್ಲಿಂದ ಬರಬೇಕು? ಕುದಿಸಿ ಸೋಸಿದ ಚಹಾಪುಡಿಯನ್ನೇ ಹಳೇ ಧೋತರದ ಅರಿವೆಯಲ್ಲಿ ಗಂಟು ಕಟ್ಟಿ ಇಟ್ಟುಕೊಂಡೆ. ಇಳಿದ ಬಣ್ಣ ಕೆನ್ನೆ ಮೇಲೆ ಎರಡು ಕಾಲುವೆ ಮಾಡಿತು. ಸಕ್ಕರೆ ಹಾಕಿಯೇ ಕುದಿಸಿದ್ದರಿಂದ ಇರುವೆಗಳೂ ವಿಚಾರಿಸಿಕೊಳ್ಳಲು ಬಂದವು. ಫ್ರೀಜರಿನಲ್ಲಿಟ್ಟ ಚಮಚೆಯ ಕತೆ ಬೇಡ. ಫ್ರೀಜರಿನಲ್ಲಿ ಇಡಬಾರದು, ಫ್ರಿಜ್ಜಿನಲ್ಲಿ ಇಡಬೇಕು ಅಂತಷ್ಟೇ ಹೇಳುತ್ತೇನೆ.

ತಲೆ ಎತ್ತರಕ್ಕಿಟ್ಟು ಮಲಗಿದರೆ ನೀರು ಕಣ್ಣ ಸುತ್ತ ನಿಲ್ಲುವುದಿಲ್ಲ ಅನ್ನುವುದು ಹೆಂಡತಿಯ ಸಂಶೋಧನೆ. ಮಾತು ಸರಿಯೇ ಇತ್ತು. ಎತ್ತರ ಎಷ್ಟು ಅನ್ನುವುದು ಮಾತ್ರ ತಪ್ಪಿತು. ಅವ್ವ ತನ್ನ ಕೌದಿ ಮಡಚಿ ದಿಂಬಿನ ಕೆಳಗಿಟ್ಟಳು. ಅದರ ಮೇಲೆ ಇನ್ನೊಂದು ದಿಂಬು. ಬೆಳಗಾಗುವುದರೊಳಗೆ ಕುತ್ತಿಗೆ ಹಿಡಿದುಕೊಂಡು ಮುಖ ಬಲಕ್ಕೆ ತಿರುಗಿ ನಿಂತುಬಿಟ್ಟಿತ್ತು. ಎಡಕ್ಕೆ ನೋಡಬೇಕಾದರೆ ಪೂರ್ತಿ ಮೈ ತಿರುಗಿಸಬೇಕು. ಊದಿದ ಕಣ್ಣು, ಕೆಂಪು ಕಣ್ಣು, ಈಗ ಸೊಟ್ಟ ಕುತ್ತಿಗೆ. ಗೇಟು ತೆಗೆದು ಹೊರಗೆ ಬಂದಾಗ ಎದುರಿನ ಕಟ್ಟೆ ಮೇಲೆ ಕಾಕು ಮತ್ತೊಬ್ಬರ ಕಿವಿಯಲ್ಲಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

‘ಛಲೋ ಮಾಡ್ಯಾಳ ಬಿಡ್ರಿ. ಎಷ್ಟಂತ ತಡಕೊಂಡಾಳು?’

ಆ ದಿನವೇ ಡಾಕ್ಟರ ಹತ್ತಿರ ಹೋದೆವು. ಹಳೇ ಪರಿಚಯದವರು. ಟಾರ್ಚ್ ಹಾಕಿ ನೋಡಿದರು, ಬಿಪಿ ನೋಡಿದರು, ಕಾಲಿನ ಗಿಣ್ಣು ಒತ್ತಿ ನೋಡಿದರು. ಕಣ್ಣಿಗೆ ಬಂದವನ ಕಾಲು ಯಾಕೆ ಅಂದರೆ, ಮುಖದ ಜೊತೆ ಕಾಲೂ ಊದಿದರೆ, ಮೂತ್ರ ನೊರೆನೊರೆ ಹೋಗುತ್ತಿದ್ದರೆ ಕಿಡ್ನಿ ನೋಡಿಸಬೇಕಂತೆ. ಥೈರಾಯ್ಡ್ ತೊಂದರೆಯಲ್ಲೂ ಕಣ್ಣ ಸುತ್ತ ಊದುತ್ತದೆ. ಒಂದೇ ಕಣ್ಣು ಊದಿ, ಕೆಂಪಾಗಿ, ನೋವು ಜ್ವರ ಬಂದರೆ ಸವತಿಕಾಯಿ ಹುಡುಕುತ್ತಾ ಕೂಡದೆ ಅವತ್ತೇ ಓಡಿ ಬರಬೇಕು. ‘ತುರಿಕಿ ಅದ ಏನು?’ ಅಂತಲೂ ಕೇಳಿದರು. ಕಾಂಗ್ರೆಸ್ ಹುಲ್ಲಿನ ಅಲರ್ಜಿಯವರು ಕಣ್ಣು ತಿಕ್ಕಿ ತಿಕ್ಕಿಯೇ ಊದಿಸಿಕೊಳ್ಳುತ್ತಾರಂತೆ. ನನಗೆ ತುರಿಕೆ ಇರಲಿಲ್ಲ. ಮೂತ್ರ, ರಕ್ತ ಎರಡರ ರಿಪೋರ್ಟೂ ಸರಿ ಬಂದವು.

‘ರಾತ್ರಿ ಊಟಕ್ಕ ಏನೇನು?’ ಅಂದರು. ನಾನು ಹೇಳುವುದರೊಳಗೆ ಹೆಂಡತಿ ಹೇಳಿದಳು. ಹಪ್ಪಳದ ಲೆಕ್ಕ ಸಮೇತ. ಅವಳು ಎಣಿಸಿಟ್ಟಿದ್ದಳು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಡಾಕ್ಟರು ನಕ್ಕರು. ‘ಉಪ್ಪು ತಿಂದವ ನೀರು ಕುಡೀಲೇಬೇಕು ಅಂತ ಗಾದಿ ಅದ ಅಲ್ರಿ? ಕುಡಿದ ನೀರನ್ನ ಆ ಉಪ್ಪು ಮೈಯಾಗ ಹಿಡಿದು ಇಟ್ಕೋತದ. ರೆಪ್ಪಿ ಚರ್ಮ ಇಡೀ ಮೈಯಾಗ ಭಾಳ ತೆಳು, ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್. ಅದರ ಕೆಳಗ ಎಲ್ಲಾ ಸಡಿಲ. ಅಡ್ಡ ಮಲಗಿದಾಗ ನೀರು ಅಲ್ಲಿ ಬಂದು ನಿಂದರತದ. ಎದ್ದು ಓಡಾಡಿದ ಮ್ಯಾಲೆ ಇಳೀತದ.’ ಆಮೇಲೆ ನನ್ನ ಕೆಳರೆಪ್ಪೆಯನ್ನು ಮತ್ತೊಮ್ಮೆ ಹಿಡಿದು ನೋಡಿ, ‘ಇದರಾಗ ಸ್ವಲ್ಪ ನೀರಲ್ಲ, ವಯಸ್ಸು’ ಅಂದರು. ವಯಸ್ಸಾದಂತೆ ಕಣ್ಣಿನ ಕೆಳಗಿನ ಕೊಬ್ಬು ಮುಂದಕ್ಕೆ ಬರುತ್ತದಂತೆ. ಅದು ಸವತಿಕಾಯಿಗೂ ಜಗ್ಗುವುದಿಲ್ಲ, ಕ್ರೀಮಿಗೂ ಜಗ್ಗುವುದಿಲ್ಲ. ತೆಗೆಸಲೇಬೇಕು ಅಂದರೆ ಆಪರೇಷನ್ ಒಂದೇ. ಹೆಂಡತಿಗೆ ಈ ಮಾತು ಭಾಳ ಸೇರಿತು. ಈಗಲೂ ಆಗಾಗ ನೆನಪಿಸುತ್ತಾಳೆ.

ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಹೆಚ್ಚುಕಡಿಮೆ ಒಂದು ಚಹಾ ಚಮಚೆ. ಮಗ ಅಲ್ಲೇ ಲೆಕ್ಕ ಹಾಕಿದ. ‘ನಾವು ನಾಲ್ಕು ಮಂದಿ. ದಿನಕ್ಕ 20 ಗ್ರಾಂ. ಒಂದು ಕೆಜಿ ಪಾಕೀಟು 50 ದಿನ ಬರಬೇಕು.’ ನಮ್ಮ ಮನೆಯಲ್ಲಿ ತಿಂಗಳು ತುಂಬುವುದರೊಳಗೆ ಖಾಲಿ. ಉಪ್ಪಿನಕಾಯಿ, ಹಪ್ಪಳ, ಬಾಳಕ ಈ ಲೆಕ್ಕದಲ್ಲೇ ಇಲ್ಲ. ಅವ್ವನಿಗೆ ಸಿಟ್ಟು ಬಂತು. ‘ನಿಮ್ಮಪ್ಪ ಎಪ್ಪತ್ತು ವರ್ಷ ನನ್ನ ಉಪ್ಪಿನಕಾಯಿ ತಿಂದ. ಒಂದು ದಿನ ಕಣ್ಣು ಊದಿದ್ದಿಲ್ಲ.’ ಅಪ್ಪ ತೀರಿಕೊಂಡಿದ್ದು ಅರವತ್ತೆಂಟಕ್ಕೆ. ಯಾರೂ ತಿದ್ದಲಿಲ್ಲ.

ಅಂತೂ ಉಪ್ಪಿನಕಾಯಿ ಭರಣಿ ಅಟ್ಟಕ್ಕೆ ಹೋಯಿತು. ಎಂಟು ಗಂಟೆಗೆ ಊಟ, ಹನ್ನೊಂದಕ್ಕೆ ಮೊದಲು ನಿದ್ದೆ, ದಿಂಬಿನ ಮೇಲೆ ತೆಳುವಾದ ಇನ್ನೊಂದೇ ದಿಂಬು. ಬೆಳಿಗ್ಗೆ ಎದ್ದು ತಣ್ಣೀರಲ್ಲಿ ಅದ್ದಿ ಹಿಂಡಿದ ಅರಿವೆ ಹತ್ತು ನಿಮಿಷ ಕಣ್ಣ ಮೇಲೆ. ಮೊದಲ ವಾರ ಸಾರು ಬಾಯಿಗೆ ಇಡಲಾಗಲಿಲ್ಲ. ಮೂರನೆಯ ವಾರದಲ್ಲಿ ಕಣ್ಣು, ವಯಸ್ಸಿನ ಪಾಲು ಬಿಟ್ಟು, ಮೊದಲಿನಂತಾಯಿತು.

ಒಂದು ದಿನ ಕಾಕು ಮತ್ತೆ ಹೆಪ್ಪಿಗೆ ಬಂದರು.

‘ಈಗ ಬಿಟ್ಟಾರಂತ ಕಾಣಸ್ತದಲ್ಲವಾ? ಮಾರಿ ಭಾಳ ಕಳೆ ಬಂದದ. ಯಾವ ದೇವರಿಗೆ ಬೇಡ್ಕೊಂಡಿದ್ದಿ?’

‘ಯಾವ ದೇವರಿಗೂ ಇಲ್ರಿ ಕಾಕು. ಉಪ್ಪು ಕಡಿಮಿ ಮಾಡೇನಿ, ಅಷ್ಟ.’

ನನ್ನ ಹೆಂಡತಿ ಸುಳ್ಳು ಹೇಳುವವಳಲ್ಲ.

ಮುಂದಿನ ಸೋಮವಾರ ಬಸ್ ಸ್ಟಾಪಿನಲ್ಲಿ ಹಿಂದಿನ ಸಾಲಿನ ಮನೆಯವರು ಸಿಕ್ಕರು. ದಿನಾ ನಗುತ್ತಾ ಮಾತಾಡುವ ಮನುಷ್ಯ, ಅವತ್ತು ಮುಖ ಗಂಟಿಕ್ಕಿಕೊಂಡಿದ್ದರು.

‘ಏನ್ರೀ ಸಾಹೇಬ್ರ, ಕುಡಿಯೋದು ಬಿಟ್ಟವರು ನೀವು. ನಮ್ಮನಿ ಸಾರು ಯಾಕ್ರಿ ಸಪ್ಪಗಾತು?’