ಕೋವಿಯ ನಾಡಿನಲ್ಲೊಂದು ಗ್ರೀಸ್ ಗನ್ನು

ಕೊಡಗಿನಲ್ಲಿ ಕೋವಿ ಎಂದರೆ ಯಾರೂ ಬೆಚ್ಚಿ ಬೀಳುವುದಿಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದುಬಂದಿದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ವರೆಗೆ ಮುಂದುವರಿಸಿದೆ. ಮಾದಾಪುರದ ಕಡೆ ಇರುವ ನಮ್ಮ ಮನೆಯಲ್ಲಿಯೂ ಅಜ್ಜನ ಕಾಲದ ಕೋವಿಯೊಂದಿದೆ. ಅದರಿಂದ ನನಗಾಗಲಿ, ನನ್ನಿಂದ ಅದಕ್ಕಾಗಲಿ ಇದುವರೆಗೆ ಯಾವ ತೊಂದರೆಯೂ ಆಗಿಲ್ಲ. ಆದರೆ ಮನೆಯ ಹಿಂದಿನ ಶೆಡ್ಡಿನಲ್ಲಿ ಮೊಳೆಗೆ ನೇತುಬಿದ್ದಿರುವ, ಯಂತ್ರದ ಕೀಲುಗಳಿಗೆ ಗ್ರೀಸು ಹೊಡೆಯುವ ಗ್ರೀಸ್ ಗನ್ನಿನ ವಿಷಯ ಹಾಗಲ್ಲ. ಸರ್ಕಾರಕ್ಕೆ ನಿಜವಾಗಿ ಜನರ ಕ್ಷೇಮದ ಚಿಂತೆಯಿದ್ದರೆ ಕೋವಿಯನ್ನು ಅದರ ಪಾಡಿಗೆ ಬಿಟ್ಟು, ಬ್ಯಾಂಕಿನಿಂದ ನಿವೃತ್ತರಾಗಿ ಬಂದು ತೋಟ ನೋಡಿಕೊಳ್ಳುವ ನನ್ನಂಥವರ ಗ್ರೀಸ್ ಗನ್ನಿಗೆ ಪರವಾನಗಿಯನ್ನು ಕಡ್ಡಾಯ ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಗನ್ನು ಮನೆಗೆ ಬಂದದ್ದು ಜೀಪಿನ ದೆಸೆಯಿಂದ. ಮಳೆಗಾಲದ ನಾಲ್ಕು ತಿಂಗಳು ತೋಟದ ಕೆಸರಿನಲ್ಲಿ ಹೊರಳಾಡಿದ ಜೀಪು, ಸೆಪ್ಟೆಂಬರ್ ಹೊತ್ತಿಗೆ ತಿರುವಿನಲ್ಲೆಲ್ಲ ಹಳೆಯ ಮಂಚದಂತೆ ಕಿರುಗುಟ್ಟತೊಡಗಿತು. ಪಟ್ಟಿ ಸ್ಪ್ರಿಂಗಿನ ಕೊಂಡಿಗಳಾದ ಶ್ಯಾಕಲ್‌ಗಳಿಗೂ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಾದ ಕ್ರಾಸ್‌ಗಳಿಗೂ ಗ್ರೀಸ್ ಹೊಡೆದರೆ ಸಾಕು, ಅದಕ್ಕಾಗಿ ಸುಂಟಿಕೊಪ್ಪದ ವರೆಗೆ ಹೋಗಬೇಕಿಲ್ಲ ಎಂದು ಮೇಸ್ತ್ರಿ ಹೇಳಿದ. ಅಪ್ಪನ ಕಾಲದಿಂದಲೂ ತೋಟದಲ್ಲಿರುವ ಆತನ ಮಾತಿನಲ್ಲಿ 'ನಾನು ಹೊಡೆಯುತ್ತೇನೆ' ಎಂಬ ಅರ್ಥವಿತ್ತು. ನಾನು ಅದನ್ನು 'ನೀವು ಹೊಡೆಯಿರಿ' ಎಂದು ತಿಳಿದುಕೊಂಡೆ. ಅನರ್ಥ ಶುರುವಾದದ್ದು ಅಲ್ಲಿಂದ.

ಗನ್ನಿನ ರಚನೆ ನೋಡುವುದಕ್ಕೆ ಬಹಳ ಸರಳ. ಒಂದು ಕೊಳವೆ, ಅದರೊಳಗೆ ಸ್ಪ್ರಿಂಗು ಕೂರಿಸಿದ ಪಿಸ್ಟನ್ನು, ಹಿಂಬದಿಯಲ್ಲಿ ಪಿಸ್ಟನ್ನನ್ನು ಎಳೆಯುವ ಕಂಬಿ, ಮುಂದೆ ಲಿವರ್ ಇರುವ ತಲೆ, ತಲೆಗೊಂದು ಮೂತಿ, ಇಷ್ಟೇ. ತಲೆ ಬಿಚ್ಚಿ, ಕೊಳವೆಯ ಬಾಯನ್ನು ಗ್ರೀಸಿನ ಡಬ್ಬಿಯೊಳಗೆ ಅದ್ದಿ, ಕಂಬಿಯನ್ನು ನಿಧಾನವಾಗಿ ಹಿಂದಕ್ಕೆಳೆದರೆ ಗ್ರೀಸು ತಾನಾಗಿ ಒಳಗೇರುತ್ತದೆ. ಕಂಬಿಯನ್ನು ಪೂರ್ತಿ ಎಳೆದು ಹಿಂದಿನ ಮುಚ್ಚಳದ ಸೀಳಿನಲ್ಲಿ ಸಿಕ್ಕಿಸಿದರೆ ಅದು ಅಲ್ಲೇ ನಿಲ್ಲುತ್ತದೆ. ಬಳಿಕ ತಲೆಯನ್ನು ಕೂರಿಸಿ, ಕಂಬಿಯನ್ನು ಸೀಳಿನಿಂದ ಬಿಡಿಸಿದರೆ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ. ನಾನು ಈ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದೆ, ಕಂಬಿಯನ್ನು ಬಿಡಿಸುವುದೊಂದನ್ನು ಬಿಟ್ಟು. ಆಮೇಲೆ ಜೀಪಿನ ಅಡಿಯಲ್ಲಿ ಅಂಗಾತ ಮಲಗಿ ಸುಮಾರು ಅರ್ಧ ಗಂಟೆ ಲಿವರ್ ಒತ್ತಿದೆ. ಬೆವರು ಬಂತು, ಗ್ರೀಸು ಬರಲಿಲ್ಲ.

ಕಂಬಿಯನ್ನು ಬಿಡಿಸಿದ ಮೇಲೂ ಬರಲಿಲ್ಲ. ಕೈಯಿಂದ ಗ್ರೀಸು ತುಂಬಿದಾಗ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆಯೆಂದೂ, ಪಂಪು ಗಾಳಿಯನ್ನೇ ಹಿಸುಕುತ್ತ ಕೂರುತ್ತದೆಯೆಂದೂ, ತಲೆಯನ್ನು ಒಂದೆರಡು ಸುತ್ತು ಸಡಿಲಿಸಿ ಲಿವರ್ ಒತ್ತಿದರೆ ಗಾಳಿ ಹೊರಟುಹೋಗುತ್ತದೆಯೆಂದೂ ಮೇಸ್ತ್ರಿ ಮೆಟ್ಟಿಲ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತ ಹೇಳಿದ. ಹಾಗೆಯೇ ಮಾಡಿದೆ. 'ಪುಸ್ಸ್' ಎಂದಿತು. ತಲೆಯನ್ನು ಬಿಗಿ ಮಾಡಿ ಗೆದ್ದ ಉತ್ಸಾಹದಲ್ಲಿ ನಾಲ್ಕು ಸಲ ಜೋರಾಗಿ ಒತ್ತಿದೆ. ಗ್ರೀಸು ಬಂತು, ಆದರೆ ಹಿಂಬದಿಯಿಂದ. ಕಂಬಿಯ ಪಕ್ಕದ ಸಂದಿನಿಂದ ಕಂದು ಬಣ್ಣದ ಹಾವಿನಂತೆ ಹೊರಟು, ನನ್ನ ಬಿಳಿಯ ಬನಿಯನ್ನಿನ ಮೇಲೆ ಸುರುಳಿ ಸುತ್ತಿ ಕುಳಿತಿತು. ಮುಂದಕ್ಕೆ ಹೊಡೆಯಬೇಕಾದದ್ದು ಹಿಂದಕ್ಕೆ ಹೊಡೆಯುವ ಕೋವಿಯನ್ನು ಕೊಡಗಿನ ಇತಿಹಾಸದಲ್ಲಿ ಇನ್ನಾರೂ ಕಂಡಿರಲಾರರು. ಪಿಸ್ಟನ್ನಿನ ಮೇಲಿರುವ ರಬ್ಬರ್ ಬಟ್ಟಲಿಗೆ ಎರಡು ಮುಖಗಳಿದ್ದು, ಸುಮಾರು 400 ಗ್ರಾಮಿನ ತಯಾರು ಕಾರ್ಟ್ರಿಜ್ ಹಾಕುವುದಾದರೆ ಅದರ ಅಂಚು ಒಂದು ಕಡೆಗೂ, ಡಬ್ಬಿಯ ಗ್ರೀಸು ತುಂಬುವುದಾದರೆ ಇನ್ನೊಂದು ಕಡೆಗೂ ಮಡಚಿರಬೇಕೆಂಬುದು ಗನ್ನಿನ ಜೊತೆಗೆ ಬಂದ ಕಾಗದದಲ್ಲಿ ಬರೆದಿತ್ತು. ಆ ಕಾಗದದಿಂದಲೇ ನಾನು ಕೈ ಒರೆಸಿಕೊಂಡಿದ್ದೆ.

ಜೀಪಿನ ಎರಡು ಗ್ರೀಸ್ ನಿಪ್ಪಲ್‌ಗಳು ತುಕ್ಕು ಹಿಡಿದು ಮುಚ್ಚಿಹೋಗಿದ್ದುವು. ಒಳಗೆ ಪುಟ್ಟ ಗುಂಡು, ಗುಂಡಿನ ಹಿಂದೆ ಸ್ಪ್ರಿಂಗು ಇರುವ ಈ ಒಮ್ಮುಖ ಬಾಗಿಲಿನಂಥ ವಸ್ತು ಗ್ರೀಸನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಆಸ್ಟ್ರಿಯಾ ಮೂಲದ ಆಸ್ಕರ್ ಜೆರ್ಕ್ ಎಂಬಾತ 1929ರಲ್ಲಿ ಇದಕ್ಕೆ ಪೇಟೆಂಟ್ ಪಡೆದುದರಿಂದ ಅಮೆರಿಕದಲ್ಲಿ ಇದನ್ನು ಆತನ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮಲ್ಲಿಯೂ ಹಾಗೆ ಕರೆದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಸಂತೆಗೆ ಹೋಗಿದ್ದ ಹೆಂಡತಿಗೆ 'ಎರಡು ನಿಪ್ಪಲ್, ಅರ್ಧ ಕಿಲೋ ಗ್ರೀಸು' ಎಂದು ಮೊಬೈಲಿನಲ್ಲಿ ಸಂದೇಶ ಕಳಿಸಿದೆ. ಆಕೆ ಗ್ರೀಸನ್ನು ಹಾರ್ಡ್‌ವೇರ್ ಅಂಗಡಿಯಿಂದಲೂ ನಿಪ್ಪಲ್ಲನ್ನು ಔಷಧದ ಅಂಗಡಿಯಿಂದಲೂ ತಂದಳು. "ಮೊಮ್ಮಗ ಬರುತ್ತಾನೆಂದು ನನಗೆ ಯಾಕ್ರೀ ಹೇಳಲಿಲ್ಲ?" ಎಂದು ಕೇಳಿದ ಅವಳ ಮುಖದಲ್ಲಿದ್ದ ಸಂತೋಷವನ್ನು ಕೆಡಿಸಲು ನನಗೆ ಹತ್ತು ನಿಮಿಷ ಹಿಡಿಯಿತು. ಮರುದಿನ ನಾನೇ ಹೋದಾಗ ಅಂಗಡಿಯ ಹುಡುಗ, "ಆರಾ, ಎಂಟಾ, ಹತ್ತಾ? ನೇರವಾ, ಬಗ್ಗಿದ್ದಾ?" ಎಂದು ಕೇಳಿದ. ನಿಪ್ಪಲ್ಲಿನ ತಿರುಪಿನ ಭಾಗದ ದಪ್ಪ ಮಿಲಿಮೀಟರಿನಲ್ಲಿ ಎಷ್ಟೆಂಬುದು ಪ್ರಶ್ನೆ. ನಾನು ಮೂರು ಅಳತೆಯವನ್ನೂ ನೇರ ಒಂದು, ಬಗ್ಗಿದ್ದು ಒಂದರಂತೆ ಕೊಂಡು ತಂದೆ. ಬೇಕಾಗಿದ್ದದ್ದು ಎಂಟರ ಅಳತೆಯ ನೇರವಾದವು ಎರಡು. ಸಿಕ್ಕಿದ್ದು ಒಂದು.

ಇನ್ನು ಮೂತಿಯ ವಿಚಾರ. ಮೂತಿಯೊಳಗೆ ನಿಪ್ಪಲ್ಲನ್ನು ಕಚ್ಚಿ ಹಿಡಿಯುವ ಪುಟ್ಟ ದವಡೆಗಳಿದ್ದು, ಹೊರಗಿನ ತೋಳನ್ನು ತಿರುಗಿಸಿ ಅವನ್ನು ಬಿಗಿ ಮಾಡಬಹುದು, ಸಡಿಲಿಸಬಹುದು. ಸಡಿಲವಿದ್ದರೆ ಗ್ರೀಸು ಒಳಗೆ ಹೋಗದೆ ಸುತ್ತ ಉಕ್ಕುತ್ತದೆ. ಸುತ್ತ ಉಕ್ಕಿದ್ದನ್ನು ಕಂಡು ನಾನು ತೋಳನ್ನು ಇಕ್ಕಳದಿಂದ ತಿರುಗಿಸಿ ಬಿಗಿ ಮಾಡಿದೆ. ಮೂತಿಯು ನಿಪ್ಪಲ್ಲನ್ನು ಮಳೆಗಾಲದ ಜಿಗಣೆ ಹಿಮ್ಮಡಿಯನ್ನು ಕಚ್ಚಿದಂತೆ ಕಚ್ಚಿತು. ಜಿಗಣೆಗಾದರೆ ಉಪ್ಪೋ ಸುಣ್ಣವೋ ಉಂಟು. ಇದಕ್ಕೆ ಏನು ಹಾಕಬೇಕೆಂದು ತಿಳಿಯದೆ ಎರಡು ಕಾಲನ್ನೂ ಜೀಪಿನ ಚಕ್ರಕ್ಕೆ ಒದೆಕೊಟ್ಟು ಎಳೆದೆ. ಗನ್ನು ಬಂತು, ಮೂತಿಯೂ ಬಂತು, ಮೂತಿಯ ಬಾಯಲ್ಲಿ ಹಿಂದಿನ ದಿನವಷ್ಟೇ ಹಾಕಿದ ಆ ಒಂದೇ ಒಂದು ಹೊಸ ನಿಪ್ಪಲ್ಲೂ ಮುರಿದು ಬಂತು. ನೇರವಾಗಿ ಎಳೆಯದೆ ಸ್ವಲ್ಪ ಓರೆ ಮಾಡಿದರೆ ಮೂತಿ ತಾನಾಗಿ ಕಳಚಿಕೊಳ್ಳುತ್ತದೆ ಎಂದು ಮೇಸ್ತ್ರಿ ಆಮೇಲೆ ತಿಳಿಸಿದ. ಈ ಮನುಷ್ಯನಿಗೆ ಎಲ್ಲವೂ ಗೊತ್ತು. ಆದರೆ ಹೇಳುವುದು ಮಾತ್ರ ಯಾವಾಗಲೂ ಆದ ಮೇಲೆ.

ಒಂದು ಸಲ ಮಾತ್ರ ಆತ ಮುಂಚಿತವಾಗಿ ಬಾಯಿ ಬಿಟ್ಟ. ಮೂತಿಯಿಂದ ಏನೂ ಬರುತ್ತಿಲ್ಲವೆಂದು ನಾನು ಅದರ ತೂತಿಗೆ ಹೆಬ್ಬೆರಳನ್ನು ಅಡ್ಡ ಇಟ್ಟು ಒತ್ತಿ ನೋಡಲು ಹೊರಟಾಗ, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಉಗಿದು ಓಡಿ ಬಂದು ಕೈ ಹಿಡಿದುಕೊಂಡ. ಕಾರಿನ ಚಕ್ರದ ಗಾಳಿಯ ಒತ್ತಡ ಚದರ ಇಂಚಿಗೆ 30 ಪೌಂಡಿನ ಆಸುಪಾಸಿನಲ್ಲಿದ್ದರೆ, ಕೈಯಿಂದ ಒತ್ತುವ ಈ ಬಡಪಾಯಿ ಗನ್ನು ಸಾವಿರಾರು ಪೌಂಡುಗಳ ಒತ್ತಡವನ್ನು ಹುಟ್ಟಿಸಬಲ್ಲದು. ಅದರಿಂದ ಗ್ರೀಸು ಚರ್ಮವನ್ನು ತೂರಿ ಬೆರಳಿನೊಳಗೆ ಹೊಕ್ಕರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣಿಸುತ್ತದೆ, ಒಳಗೆ ಮಾತ್ರ ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿಸಬೇಕಾದ ಸ್ಥಿತಿ ಇರುತ್ತದೆ. ಅಂದಿನಿಂದ ನನ್ನ ಹೆಬ್ಬೆರಳಿನ ಮೇಲೆ ನನಗೆ ವಿಶೇಷವಾದ ಗೌರವ ಬಂದಿದೆ.

ಗನ್ನು ಕೊನೆಗೂ ಸರಿಯಾಗಿ ಕೆಲಸ ಮಾಡತೊಡಗಿದ್ದು ಇನ್ನೂ ದೊಡ್ಡ ಅನಾಹುತವಾಯಿತು. ಅರೇಬಿಕಾ ಹಣ್ಣು ಕೊಯ್ಯುವ ಮೊದಲು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರವನ್ನು ಸಜ್ಜುಗೊಳಿಸಬೇಕಿತ್ತು. ಒಂದು ಒತ್ತಿಗೆ ಬರುವುದು ಹೆಚ್ಚುಕಡಿಮೆ ಒಂದು ಗ್ರಾಮಿನಷ್ಟು ಗ್ರೀಸು, ಬೇರಿಂಗಿನೊಳಗೆ ಖಾಲಿ ಇರುವ ಜಾಗದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ತುಂಬಿದರೆ ಸಾಕು. ನಾನೋ, ಇಷ್ಟು ದಿನ ಸತಾಯಿಸಿದ ಗನ್ನು ಈಗ ಒಲಿದಿದೆಯೆಂಬ ಆನಂದದಲ್ಲಿ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬುತ್ತಿ ತುಂಬಿದಂತೆ ತುಂಬಿದೆ. ನಲವತ್ತನೆಯ ಒತ್ತಿಗೆ ಬೇರಿಂಗಿನ ಸೀಲು 'ಟಪ್' ಎಂದು ಹಾರಿ ಕಾಫಿ ಕಣದಲ್ಲಿ ಬಿತ್ತು. ಉಳಿದ ಗ್ರೀಸಿನಲ್ಲಿಯೇ ಯಂತ್ರ ನಡೆಯಲಿ ಎಂದರೆ ಬೇರಿಂಗು ಮುಟ್ಟಲಾಗದಷ್ಟು ಬಿಸಿಯಾಯಿತು. ಗ್ರೀಸು ಕಡಿಮೆಯಾದರೆ ಬಿಸಿಯಾಗುವುದು ನ್ಯಾಯ, ಹೆಚ್ಚಾದರೂ ಬಿಸಿಯಾಗುವುದು ನನಗೆ ಇಂದಿಗೂ ಅನ್ಯಾಯವಾಗಿಯೇ ಕಾಣುತ್ತದೆ. ಕಾಫಿ ಬೀಜವೋ, ಪಕ್ಕದಲ್ಲಿ ಇರುವ ಎಲ್ಲದರ ವಾಸನೆಯನ್ನೂ ಹೀರಿಕೊಳ್ಳುವ ಜಾತಿ. ಕಣವನ್ನು ಮೂರು ಸಲ ಸೋಪಿನಿಂದ ಉಜ್ಜಿ ತೊಳೆದೆವು. ಉಜ್ಜಿದವರು ಹೆಂಡತಿಯೂ ಮೇಸ್ತ್ರಿಯೂ, 'ತೊಳೆದೆವು' ಎಂಬುದರಲ್ಲಿ ನಾನು ಸೇರಿರುವುದು ವ್ಯಾಕರಣದ ಅನುಕೂಲದಿಂದ.

ಈ ವರ್ಷ ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ ಬಂತು. ಆಯುಧಗಳನ್ನು ತೊಳೆದು ಒರೆಸಿ, ದೀಪದ ಮುಂದಿಟ್ಟು, ಕೋವಿಯ ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂವನ್ನು ಸಿಕ್ಕಿಸಿ ಪೂಜಿಸುವುದು ರೂಢಿ. ಕೋವಿ, ಕತ್ತಿಗಳ ಸಾಲಿನ ಕೊನೆಯಲ್ಲಿ ಚೆನ್ನಾಗಿ ಒರೆಸಿದ ಗ್ರೀಸ್ ಗನ್ನು ಕೂಡ ಕೆಂಪು ಹಳದಿ ಹೂವನ್ನು ಮೂತಿಗೆ ಮುಡಿದು ಮಲಗಿತ್ತು. ನನ್ನನ್ನು ಅಣಕಿಸುವುದಕ್ಕೆ ಮೇಸ್ತ್ರಿ ಇಟ್ಟನೋ, ಅದು ನಿಜವಾಗಿ ಆಯುಧವೆಂದು ನಂಬಿ ಹೆಂಡತಿ ಇಟ್ಟಳೋ ಕೇಳಲು ನಾನು ಹೋಗಲಿಲ್ಲ. ಪೂಜೆಯಾಗಿ, ಕಡಂಬುಟ್ಟು ಪಂದಿಕರಿಯ ಊಟವಾಗಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಹೆಂಡತಿ ಎರಡನೆಯ ಗುಂಡಿಗೇ ಕಾಯಿಯನ್ನು ಚೂರು ಮಾಡಿದಳು. ನನಗೆ ಕೋವಿ ಕೊಡುವ ಮಾತನ್ನು ಯಾರೂ ಎತ್ತಲಿಲ್ಲ.

ಮೂರು ದಿನ ಬಿಟ್ಟು ಜೀಪಿಗೆ ಗ್ರೀಸ್ ಹೊಡೆಯಲು ಹೊರಟೆ. ಈಗ ನಾನು ಅನುಭವಿ. ಕಂಬಿಯನ್ನು ಬಿಡಿಸಿದ್ದೆ, ರಬ್ಬರ್ ಬಟ್ಟಲಿನ ಮುಖ ಸರಿಯಾಗಿತ್ತು, ನಿಪ್ಪಲ್‌ಗಳನ್ನು ಬಟ್ಟೆಯಿಂದ ಒರೆಸಿದ್ದೆ, ದವಡೆಗಳು ಹದವಾಗಿದ್ದುವು. ಆದರೂ ಗ್ರೀಸು ಬರಲಿಲ್ಲ. ತಲೆ ಸಡಿಲಿಸಿ ಗಾಳಿ ಬಿಟ್ಟೆ, ಬರಲಿಲ್ಲ. ಕೊಳವೆಯನ್ನು ಬಿಚ್ಚಿದೆ, ಸ್ಪ್ರಿಂಗು ತೆಗೆದೆ, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಗೋಣಿತಾಟಿನ ಮೇಲೆ ಹರಡಿದೆ. ಶೆಡ್ಡಿನಲ್ಲಿ ಕಂಡ ಕಂಡ ತೂತಿಗೆಲ್ಲ ಮಣ್ಣು ಮೆತ್ತುವ ಕಣಜವನ್ನು ಮನಸಾರೆ ಬೈದೆ. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಬಂದು, ಗೋಣಿಯ ಮೇಲಿನ ಸಾಮಾನುಗಳ ನಡುವಿನಿಂದ ಮೂತಿಯನ್ನು ಮಾತ್ರ ಎತ್ತಿಕೊಂಡು ಬಿಸಿಲಿಗೆ ಹಿಡಿದು ನೋಡಿದ. ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಬೆಂಕಿಕಡ್ಡಿಯನ್ನು ತೆಗೆದು ಅದರೊಳಗೆ ತೂರಿಸಿ ಮೆಲ್ಲಗೆ ಮೀಟಿದ. ಅರ್ಧ ಇಂಚಿನ ಹಸಿರು ದಂಟೊಂದು ಹೊರಗೆ ಬಂತು.

"ತೋಕ್ ಪೂ ಇಟ್ಟರೆ ಹೊಡೆಯುವ ಮೊದಲು ತೆಗೆಯಬೇಕು ಸಾರ್" ಎಂದ.