ಒಣಗಿದ ಅಣಬೆಯಲ್ಲಿ ವಿಷ ಉಳಿಯುವುದಿಲ್ಲವೇ? ಸತ್ಯಾಂಶ

ಚೆನ್ನಾಗಿ ಒಣಗಿಸಿದರೆ ಅಣಬೆಯ ವಿಷವೆಲ್ಲ ಇಳಿದುಹೋಗುತ್ತದೆ ಎಂಬ ಸಂದೇಶ ಮತ್ತೆ ಮತ್ತೆ ಹರಿದಾಡುತ್ತಿದೆ. ಇದು ನಿಜವಲ್ಲ. ಅಮಾನಿಟ ಫಲ್ಲಾಯ್ಡಿಸ್ ಎಂಬ ಮಾರಕ ಅಣಬೆಯಲ್ಲಿರುವ ಅಮಟಾಕ್ಸಿನ್ ಎಂಬ ವಿಷ ಒಣಗಿಸಿದರೂ ಕುದಿಸಿದರೂ ನಾಶವಾಗುವುದಿಲ್ಲ. ವಿಶ್ವವಿದ್ಯಾಲಯದ ಹರ್ಬೇರಿಯಂನಲ್ಲಿ (ಒಣಗಿಸಿದ ಸಸ್ಯ, ಅಣಬೆಗಳ ಮಾದರಿ ಸಂಗ್ರಹದಲ್ಲಿ) ವರ್ಷಗಟ್ಟಲೆ ಕಾಗದದ ಲಕೋಟೆಯೊಳಗಿದ್ದು, ಬಣ್ಣ ಮಾಸಿ, ಮುಟ್ಟಿದರೆ ಪುಡಿಯಾಗುವಂತಿರುವ ಮಾದರಿಗಳಲ್ಲಿಯೂ ಅದನ್ನು ಪ್ರಯೋಗಾಲಯದಲ್ಲಿ ಪತ್ತೆ ಹಚ್ಚಬಹುದು. ತಿಂದ ಮೇಲೆ ಸಾಮಾನ್ಯವಾಗಿ 6ರಿಂದ 12 ಗಂಟೆಗಳವರೆಗೆ ಯಾವ ತೊಂದರೆಯೂ ಕಾಣಿಸಿಕೊಳ್ಳದ ಕಾರಣದಿಂದಲೇ ಈ ನಂಬಿಕೆ ಉಳಿದುಕೊಂಡಿರಬಹುದೆಂದು ನನಗೆ ತೋರುತ್ತದೆ. ಅಷ್ಟರಲ್ಲಿ ಯಕೃತ್ತಿಗೆ ಹಾನಿ ಆರಂಭವಾಗಿರುತ್ತದೆ. ಸಂದೇಶ ಕಳುಹಿಸುವವರು ಒಳಿತನ್ನೇ ಬಯಸಿರುತ್ತಾರೆ. ಆದರೂ ಪರಿಶೀಲನೆ ಕಷ್ಟವೇನಲ್ಲ: ಹರ್ಬೇರಿಯಂ ಲಕೋಟೆಯ ಚೀಟಿಯಲ್ಲಿ ಪ್ರಭೇದದ ಹೆಸರು, ಸಿಕ್ಕಿದ ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರು ಇರುವಂತೆ, ಸಂದೇಶದಲ್ಲಿಯೂ ಯಾವ ಪ್ರಭೇದ, ಯಾರು ಪರೀಕ್ಷಿಸಿದರು ಎಂಬ ವಿವರವಿದೆಯೇ ಎಂದು ನೋಡಿ, ಇಲ್ಲದಿದ್ದರೆ ಹತ್ತಿರದ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ವಿಚಾರಿಸಬಹುದು.