ಸರಣಿ ಕಂಪನಗಳಿಗೆ ಭೂಫಲಕದ ಒತ್ತಡವೇ ಮೂಲ ಕಾರಣವೇ?

ಪರ: ನೀರು ಅರ್ಧ ಉತ್ತರ ಮಾತ್ರ

ನೆಲ ತಿಂಗಳುಗಟ್ಟಲೆ ಸಣ್ಣಗೆ ನಡುಗುತ್ತಿದ್ದರೆ ಜನ ಬೊಟ್ಟು ಮಾಡುವುದು ಕಣ್ಣಿಗೆ ಕಾಣುವ ಮಳೆ, ಕಲ್ಲುಗಣಿ, ಅಣೆಕಟ್ಟುಗಳತ್ತ. ಒತ್ತಡ ಕಣ್ಣಿಗೆ ಕಾಣುವುದಿಲ್ಲ. ಭಾರತದ ಭೂಫಲಕ, ಅಂದರೆ ದೇಶವನ್ನು ಹೊತ್ತ ಬೃಹತ್ ಶಿಲಾಹಲಗೆ, ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿಯುತ್ತ ಯುರೇಷಿಯಾವನ್ನು ಒತ್ತುತ್ತಿದ್ದು, ಆ ಒತ್ತಡ ಹಿಮಾಲಯದಲ್ಲೇ ಮುಗಿಯದೆ ನಮ್ಮ ಹಳೆಯ ಶಿಲೆಗಳವರೆಗೂ ಹರಡಿದೆ. ಅವುಗಳೊಳಗಿನ ಸ್ತರಭಂಗಗಳಲ್ಲಿ (ಶಿಲೆ ಸೀಳಿ ಎರಡು ಬದಿಗಳು ಜಾರಬಲ್ಲ ಬಿರುಕುಗಳಲ್ಲಿ) ಯಾವುದು ಒತ್ತಡದ ದಿಕ್ಕಿಗೆ ತಕ್ಕ ಓರೆಯಲ್ಲಿದೆಯೋ ಅದು ಜಾರಲು ಸಿದ್ಧವಾಗಿರುತ್ತದೆ. ಉಳಿದವು ಬಿಗಿಯಾಗಿಯೇ ಇರುತ್ತವೆ.

ನೀರೇ ಕಾರಣವೆನ್ನುವ ಎದುರು ಪಕ್ಷದವರು ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟನ್ನು ಮುಂದಿಡುತ್ತಾರೆ. 1967ರ ಡಿಸೆಂಬರ್‌ನಲ್ಲಿ ಅಲ್ಲಿ 6.3 ತೀವ್ರತೆಯ ಭೂಕಂಪವಾಯಿತು, ನಿಜ. ಆದರೆ ಅಣೆಕಟ್ಟೇ ಭೂಕಂಪವನ್ನು ಹುಟ್ಟಿಸುವುದಾದರೆ ಶರಾವತಿಯ ಲಿಂಗನಮಕ್ಕಿಯಲ್ಲಿ ಏಕೆ ಹಾಗಾಗಲಿಲ್ಲ? ಅದೂ ಸಹ್ಯಾದ್ರಿಯ ದೊಡ್ಡ ಜಲಾಶಯವೇ, ಎಷ್ಟೋ ಮಳೆಗಾಲಗಳಲ್ಲಿ ತುಂಬಿದೆ. ಒತ್ತಡ ಹೊತ್ತ ಸ್ತರಭಂಗವಿಲ್ಲದ ಕಡೆ ನೀರು ಬರಿಯ ನೀರಾಗಿಯೇ ಉಳಿಯುತ್ತದೆ.

ಜಪಾನಿನ ನೋಟೋ ಪರ್ಯಾಯ ದ್ವೀಪದಲ್ಲಿ 2020ರ ಕೊನೆಯಿಂದ ಕಾಣಿಸಿಕೊಂಡ ಸರಣಿ ಕಂಪನಗಳಿಗೆ ಆಳದಿಂದ ಏರಿದ ದ್ರವವನ್ನು ಕಾರಣವಾಗಿ ತೋರಿಸಲಾಯಿತು. 2023ರ ಮೇ ತಿಂಗಳಲ್ಲಿ 6.5, 2024ರ ಜನವರಿ 1ರಂದು 7.6 ತೀವ್ರತೆಯ ಭೂಕಂಪಗಳು ಬಂದವು. ಎರಡನೆಯದರಲ್ಲಿ ಸುಮಾರು 150 ಕಿಲೋಮೀಟರ್ ಉದ್ದಕ್ಕೂ ಸ್ತರಭಂಗ ಜಾರಿತು. ಅಷ್ಟುದ್ದದ ಜಾರಿಕೆಯ ಶಕ್ತಿ ಒತ್ತಡದ್ದಲ್ಲದೆ ಇನ್ನಾವುದರದು? ದ್ರವದ ವಿವರಣೆಯಿಂದಲೇ ತೃಪ್ತರಾದರೆ ಮುಂದಿನ ಅಪಾಯದ ಅಂದಾಜು ತಪ್ಪುತ್ತದೆ, ಅದಕ್ಕೆ ಜೀವಗಳು ಬೆಲೆ ತೆರುತ್ತವೆ.

ವಿರೋಧ: ಕಾಲವನ್ನು ಒತ್ತಡ ವಿವರಿಸದು

ಒತ್ತಡವೇ ಇಲ್ಲವೆಂದು ನಾನು ಹೇಳಲಾರೆ. ನನಗೆ ವಹಿಸಿದ ಪಕ್ಷವನ್ನು ಅಷ್ಟು ದೂರ ಎಳೆಯುವುದು ಪ್ರಾಮಾಣಿಕವಲ್ಲ. ಆದರೆ ಶತಮಾನಗಟ್ಟಲೆ ಹೆಚ್ಚುಕಡಿಮೆ ಒಂದೇ ಸಮನಾಗಿರುವ ಒತ್ತಡ, ಸರಣಿ ಇಂಥ ತಿಂಗಳಲ್ಲೇ ಏಕೆ ಶುರುವಾಯಿತೆಂಬುದನ್ನು ತಿಳಿಸುವುದಿಲ್ಲ. ಬಿರುಕಿಗೆ ಇಳಿದ ನೀರಿನ ಒತ್ತಡ ಸ್ತರಭಂಗದ ಎರಡು ಮುಖಗಳ ಬಿಗಿತವನ್ನು ಸಡಿಲಿಸುತ್ತದೆ. 1965ರಲ್ಲಿ ಆರಂಭವಾದ ಜಪಾನಿನ ಮತ್ಸುಶಿರೋ ಸರಣಿಯ ವೇಳೆ ನೆಲದಿಂದ ಅಪಾರ ನೀರು ಉಕ್ಕಿತ್ತು. ಕೊಯ್ನಾದಲ್ಲಿಯೂ ಮಳೆಗಾಲದಲ್ಲಿ ಜಲಾಶಯ ತುಂಬಿದ ಮೇಲೆ ಕಂಪನಗಳು ಹೆಚ್ಚುವುದು ಮತ್ತೆ ಮತ್ತೆ ದಾಖಲಾಗಿದೆ.

2022ರ ಜೂನ್ ಕೊನೆಯಲ್ಲಿ ದಕ್ಷಿಣ ಕನ್ನಡ–ಕೊಡಗು ಗಡಿಯ ಸುಳ್ಯ, ಸಂಪಾಜೆ, ಚೆಂಬು ಭಾಗದಲ್ಲಿ ನೆಲ ಪದೇ ಪದೇ ನಡುಗಿದಾಗ ನಾನು ಅಲ್ಲಿಯ ಸೋದರಮಾವನ ಮನೆಯಲ್ಲಿದ್ದೆ. ಗುಡುಗಿನಂಥ ಸದ್ದಿನೊಂದಿಗೆ ಮಾಡಿನ ಹಂಚುಗಳು ಅದುರಿದವು. ಅತ್ತೆ ಮಕ್ಕಳನ್ನು ಸುರಿಯುವ ಮಳೆಯಲ್ಲೇ ಅಂಗಳಕ್ಕೆ ಕರೆತಂದರು. ಆದರೆ 2018ರ ಗುಡ್ಡ ಕುಸಿತವನ್ನು ಕಂಡವರಿಗೆ ಗುಡ್ಡದ ಬುಡದ ಆ ಅಂಗಳದಲ್ಲೂ ಧೈರ್ಯವಿರಲಿಲ್ಲ. ಇದು ಎಂದು ನಿಲ್ಲುತ್ತದೆ ಎಂದು ಮಾವ ಕೇಳಿದರು. ಭೂಫಲಕದ ಚಲನೆ ಅವರಿಗೆ ಉತ್ತರವಾಗದು. ಮಳೆಯ ಪ್ರಮಾಣ, ಅಂತರ್ಜಲದ ಮಟ್ಟ, ಕಂಪನಗಳು ಸರಿಯುವ ದಿಕ್ಕು ಇವನ್ನು ಸ್ಥಳದಲ್ಲೇ ಒಟ್ಟಿಗೆ ಅಳೆದರೆ ಸುಳಿವಾದರೂ ಸಿಕ್ಕೀತು.